ಮೆಟ್ರೊದಲ್ಲಿ ಸೀಟು ಹಿಡಿದ ಚಿಕ್ಕಪ್ಪ

"ಹೋಗ್ಬಿಡ್ತು ಕಣೋ. ಅವರನ್ನ ಕರ್ಕಂಡು ಹೋಗೇಬಿಡ್ತು."

ಚಿಕ್ಕಮ್ಮನ ಫೋನು ಬಂದಾಗ ನಾನು ಸೊರಬದಿಂದ ಶಿಕಾರಿಪುರಕ್ಕೆ ಹೊರಟ ಬಸ್ಸಿನಲ್ಲಿದ್ದೆ. ಬಸ್ಸು ಆಗಲೇ ಊರು ದಾಟಿತ್ತು ಎಂದು ಬರೆಯಲು ಹೊರಟು ಕೈ ನಿಲ್ಲಿಸಿದ್ದೇನೆ. ದಾಟಿತ್ತೋ, ಇನ್ನೂ ಸ್ಟ್ಯಾಂಡಿನಲ್ಲೇ ಇತ್ತೋ, ಈಗ ಹೇಳಲಾರೆ. ಆ ದಿನದ ಸಂಗತಿಗಳು ನನ್ನಲ್ಲಿ ತೀರ ಸಲೀಸಾಗಿ ಒಂದರ ಹಿಂದೆ ಒಂದು ಬಂದು ನಿಲ್ಲುತ್ತವೆ, ಅದಕ್ಕೇ ನನಗೆ ಅವುಗಳ ಮೇಲೆ ಅನುಮಾನ. ಅನುಮಾನವಿಲ್ಲದ್ದು ಇಷ್ಟೇ: ಚಿಕ್ಕಮ್ಮ ಬೆಂಗಳೂರಿನ ಒಂದು ಮೆಟ್ರೊ ಪ್ಲಾಟ್‌ಫಾರ್ಮಿನಲ್ಲಿ ಒಬ್ಬಳೇ ನಿಂತಿದ್ದಳು. ಚಿಕ್ಕಪ್ಪ ರೈಲಿನೊಳಗಿದ್ದ. ಇಬ್ಬರ ನಡುವೆ ಬಾಗಿಲು ಮುಚ್ಚಿತ್ತು. ಮತ್ತು ಚಿಕ್ಕಪ್ಪನಿಗೆ ಮಾತು ಬರುತ್ತಿರಲಿಲ್ಲ.

ಶಿಕಾರಿಪುರದ ಮಾರುಕಟ್ಟೆ ಯಾರ್ಡಿನಲ್ಲಿ ಮೆಕ್ಕೆಜೋಳದ ವ್ಯಾಪಾರ ಮಾಡುತ್ತಿದ್ದವನು ಅವನು. ಲಾರಿಯ ಆಚೆ ಬದಿಯಲ್ಲಿ ನಿಂತವರಿಗೂ ಕೇಳುವಂತೆ ಮಾತಾಡುತ್ತಿದ್ದ. ಲಕ್ವ ಹೊಡೆದ ಮೇಲೆ ಬಲಗಾಲು ಎಳೆಯತೊಡಗಿತು, ಮಾತು ಪೂರ್ತಿ ಹೋಯಿತು. ಹೇಳಿದ್ದು ತಿಳಿಯುತ್ತದೆ, ತಿರುಗಿ ಹೇಳಲಾಗುವುದಿಲ್ಲ. ತನ್ನ ಹೆಸರು, ಊರು, ಯಾವುದೂ ಬಾಯಿಂದ ಹೊರಡದು. ಪೆನ್ನು ಕೊಟ್ಟರೆ ಗೆರೆ ಎಳೆಯುತ್ತಾನೆ. ಮಾತೇ ಇಲ್ಲದವನಿಗೆ ಫೋನು ಯಾಕೆಂದು ಅವನ ಫೋನನ್ನು ಮನೆಯಲ್ಲೇ ಬಿಟ್ಟು ಹೋಗಿದ್ದರು. ಬೆಂಗಳೂರಿನಲ್ಲಿ ಇಂಥವರಿಗೆ ಮತ್ತೆ ಮಾತು ಕಲಿಸುವ ಡಾಕ್ಟರೊಬ್ಬರಿದ್ದರು. ಆ ದಿನ ಮಧ್ಯಾಹ್ನ ಬನ್ನಿ ಎಂದಿದ್ದರು.

ಮೆಟ್ರೊ ಹತ್ತಿ ಎಂದವನು ನಾನು. ಬೆಂಗಳೂರಿಗೆ ಹೋದಾಗಲೆಲ್ಲ ನನಗೆ ಅದು ಹಿಡಿಸುತ್ತಿತ್ತು. ಆಟೋದವರ ಜೊತೆ ಚೌಕಾಶಿ ಇಲ್ಲ, ಸಿಗ್ನಲ್ಲಿನಲ್ಲಿ ಹೊಗೆ ಕುಡಿಯುತ್ತ ನಿಲ್ಲುವುದಿಲ್ಲ. ಲಿಫ್ಟಿನಲ್ಲಿ ಇಳಿದರೆ ಪ್ಲಾಟ್‌ಫಾರ್ಮಿನಿಂದ ಒಂದು ಮೆಟ್ಟಿಲೂ ಹತ್ತದೆ ನೇರ ಒಳಗೆ ಹೋಗಬಹುದು. ನಮ್ಮ ಬಸ್ಸಿನ ಮೊದಲ ಮೆಟ್ಟಿಲೇ ಚಿಕ್ಕಪ್ಪನಿಗೆ ಒಂದು ಗುಡ್ಡವಾಗಿತ್ತು. ಮೆಟ್ರೊ ಬಂದ ಮೇಲೆ ಆ ನಗರದಲ್ಲಿ ಕಾಲು ಸರಿಯಿಲ್ಲದವರು, ಗರ್ಭಿಣಿಯರು, ಮುದುಕಿಯರು ಒಬ್ಬೊಬ್ಬರೇ ಓಡಾಡುವುದನ್ನು ನಾನು ಕಣ್ಣಾರೆ ನೋಡಿದ್ದೆ. ಯಾರೂ ಯಾರಿಗೂ ಕಾಯಬೇಕಿಲ್ಲ, ಒಂದು ಹೋದರೆ ಇನ್ನೊಂದು ಬರುತ್ತದೆ ಎಂಬುದು ನನಗೆ ದೊಡ್ಡ ಬಿಡುಗಡೆಯಂತೆ ಕಂಡಿತ್ತು. ಇದನ್ನೆಲ್ಲ ಚಿಕ್ಕಮ್ಮನಿಗೆ ಹೇಳಿದ್ದೆ. ಅದು ನಿಮಗೂ ಕಾಯುವುದಿಲ್ಲ ಎಂದು ಹೇಳಿದ್ದೆನೋ ಇಲ್ಲವೋ.

"ಏನಾಯ್ತು, ಸರಿಯಾಗಿ ಹೇಳು ಚಿಕ್ಕಮ್ಮ."

"ಬಾಗ್ಲು ತೆಗೀತು. ನೀವು ಹತ್ತಿ ಸೀಟು ಹಿಡೀರಿ ಅಂತ ಅವರನ್ನ ಒಳಗೆ ಬಿಟ್ಟೆ. ಬ್ಯಾಗು ತಗಳಾಕೆ ತಿರುಗಿದೆ, ಅಷ್ಟೇ. ಒಬ್ರಾದ್ರೂ ಹೋಲ್ಡಾನ್ ಅನ್ಬೇಕಲ್ಲೇನೋ! ರೈಟ್ ಅಂತಾನೂ ಯಾರೂ ಅನ್ಲಿಲ್ಲ. ತಾನೇ ಮುಚ್ಕಂತು, ತಾನೇ ಹೋತು."

ನಮ್ಮ ಕಡೆ ಬಸ್ಸು ಹತ್ತುವುದು ಹಾಗೆಯೇ. ಒಬ್ಬರು ಮೊದಲು ನುಗ್ಗಿ ಸೀಟು ಹಿಡಿಯುತ್ತಾರೆ, ಪಕ್ಕದ ಜಾಗದ ಮೇಲೆ ಟವೆಲೋ ಚೀಲವೋ ಕೈಯೋ ಇಡುತ್ತಾರೆ. ಉಳಿದವರು ಗಂಟುಮೂಟೆ ಎತ್ತಿಕೊಂಡು ಆಮೇಲೆ ಬರುತ್ತಾರೆ. ಒಂದು ಕಾಲು ಮೆಟ್ಟಿಲ ಮೇಲಿದ್ದರೆ ಸಾಕು, ಬಸ್ಸು ನಮ್ಮದು. ಕಾಯಿಲೆಯಾದ ಮೇಲೆ ಶಿಕಾರಿಪುರದ ಸ್ಟ್ಯಾಂಡಿನಲ್ಲಿ ಚಿಕ್ಕಪ್ಪನನ್ನು ಕಂಡಕ್ಟರುಗಳೇ ಕೈಹಿಡಿದು ಹತ್ತಿಸುತ್ತಿದ್ದರು. ಅವನು ಕೂತು ಪಕ್ಕದ ಸೀಟಿನ ಮೇಲೆ ಎಡಗೈ ಇಟ್ಟುಕೊಳ್ಳುತ್ತಿದ್ದ. ಚಿಕ್ಕಮ್ಮ ನಿಧಾನಕ್ಕೆ ಬಂದು ಆ ಕೈ ಸರಿಸಿ ಕೂರುತ್ತಿದ್ದಳು. ಅವನು ಅವಳಿಗಾಗಿ ಮಾಡಬಹುದಾಗಿದ್ದ ಒಂದೇ ಕೆಲಸ ಅದಾಗಿತ್ತು ಎನ್ನಿಸುತ್ತದೆ.

ನನ್ನ ಪಕ್ಕದಲ್ಲಿ ಒಬ್ಬ ಹೆಂಗಸು ಕುಕ್ಕರನ್ನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದರು. ಸೊರಬದಲ್ಲಿ ರಿಪೇರಿಗೆ ಕೊಟ್ಟಿದ್ದು, ವಾಪಸು ಒಯ್ಯುತ್ತಿದ್ದರು. "ಯಾರು ಹೋಗಿದ್ದು ಮಾರಾಯ್ರೆ?" ಎಂದು ಕೇಳಿದರು. ನಾನು ಹೇಳಿದೆ. ನಾನು ಹೇಳಿ ಮುಗಿಸುವಷ್ಟರಲ್ಲಿ ಅದು ಹಿಂದಿನ ಸೀಟಿಗೂ, ಅಲ್ಲಿಂದ ಕಂಡಕ್ಟರಿಗೂ ತಲುಪಿತ್ತು.

"ನಡೀತಾರೇನ್ರಿ?" ಹಿಂದಿನ ಸೀಟಿನಿಂದ ಮದುವೆ ಬಟ್ಟೆಯಲ್ಲಿದ್ದ ಒಬ್ಬರು ಮುಂದೆ ಬಾಗಿದರು.

"ನಡೀತಾರೆ. ಮಾತಿಲ್ಲ."

"ಹಂಗಾದ್ರೆ ಮುಂದಿನ ಸ್ಟಾಪಿನಾಗೆ ಇಳಿದು ನಿಂತಿರ್ತಾರೆ ಬಿಡ್ರಿ. ಮುಂದಿನ ಗಾಡಿ ಹತ್ತು ಅನ್ರಿ ನಿಮ್ ಚಿಕ್ಕಮ್ಮಂಗೆ."

"ಚೆನ್ನಾಗಿ ಹೇಳಿದ್ರಿ," ಎಂದರು ಕುಕ್ಕರಿನವರು. "ಇವರು ಆ ಕಡೆ ಹೋಗಿ, ಅವರು ಈ ಕಡೆ ಬಂದ್ರೆ? ಸಾಯಂಕಾಲದ ತನಕ ಇಬ್ರೂ ಅತ್ತಿಂದಿತ್ತ ಓಡಾಡ್ತಾ ಇರ್ಬೇಕಾ? ಇದ್ದಲ್ಲೇ ಇರಕ್ಕೆ ಹೇಳಿ."

ನಾನು ಫೋನಿಗೆ ಹೇಳಿದೆ: "ಅಲ್ಲೇ ಇರು ಚಿಕ್ಕಮ್ಮ, ಯಾವ ರೈಲನ್ನೂ ಹತ್ಬೇಡ. ಯೂನಿಫಾರ್ಮ್ ಹಾಕಿರೋರು ಯಾರಾದ್ರೂ ಕಾಣ್ತಾರಾ? ಅವರಿಗೆ ಹೇಳು."

"ಒಬ್ಬಾಕಿ ನಿಂತಾಳೆ." ಆಮೇಲೆ ಅವಳ ದನಿ ತಗ್ಗಿತು. "ಹೇಳಾಕೆ ಆಗಲ್ಲ ಕಣೋ."

"ಯಾಕೆ?"

"ಇಬ್ರ ಬಿಲ್ಲೆನೂ ನನ್ನ ಹತ್ರಾನೇ ಐತೆ."

ಮೆಟ್ರೊ ಒಳಗೆ ಹೋಗುವಾಗ ಗೇಟಿಗೆ ಮುಟ್ಟಿಸಿ, ಹೊರಗೆ ಬರುವಾಗ ಗೇಟಿನ ಬಾಯಿಗೆ ಹಾಕಬೇಕಾದ ಪ್ಲಾಸ್ಟಿಕ್ ಟೋಕನ್ನು ಅದು. ಬಸ್ಸಿನಲ್ಲಿ ಮನೆಮಂದಿಯ ಟಿಕೆಟ್ಟೆಲ್ಲ ಒಬ್ಬರ ಕೈಯಲ್ಲಿರುವಂತೆ, ಚಿಕ್ಕಪ್ಪ ಬೀಳಿಸಿಕೊಂಡಾನೆಂದು ಅವಳು ಅವನದನ್ನೂ ತನ್ನ ಪರ್ಸಿನಲ್ಲಿ ಹಾಕಿಕೊಂಡಿದ್ದಳು.

"ಬಿಲ್ಲೆ ಇಲ್ದೆ ಸಿಕ್ಕಿದ್ರೆ ಅವರನ್ನ ಕಳ್ಳನ ತರ ಹಿಡ್ಕಂತಾರೆ. ಎಲ್ಲಾರ ಮುಂದೆ ನಿಲ್ಲಿಸಿ ಕೇಳ್ತಾರೆ. ಅವರು ಏನಂತ ಹೇಳ್ಬೇಕು?" ಅವಳು ಆಗ ಅತ್ತಳು. ಈಗ ಕೇಳಿದರೆ, ನಾನು ಅತ್ತೇ ಇಲ್ಲ ಎನ್ನುತ್ತಾಳೆ.

ನನಗೆ ಮಾತ್ರ ಆ ಹೊತ್ತಿನಲ್ಲಿ ಹೋದ ಜೀವ ಬಂದಂತಾಯಿತು. ಬಿಲ್ಲೆ ಇಲ್ಲದಿದ್ದರೆ ಅವನಿಗೆ ಗೇಟು ತೆರೆಯುವುದಿಲ್ಲ. ಗೇಟು ತೆರೆಯದಿದ್ದರೆ ಅವನು ರಸ್ತೆಗೆ ಬೀಳುವುದಿಲ್ಲ. ಬೆಂಗಳೂರೆಂಬ ಬೆಂಗಳೂರಿನಲ್ಲಿ ಅವನು ಇರಬಹುದಾದದ್ದು ಆ ಒಂದು ಹಳಿಯ ಮೇಲೆ, ಇಲ್ಲವೇ ಆ ಹಳಿಯ ಅಕ್ಕಪಕ್ಕದ ಪ್ಲಾಟ್‌ಫಾರ್ಮುಗಳಲ್ಲಿ.

"ಅದೇ ಒಳ್ಳೇದಾಯ್ತು ಚಿಕ್ಕಮ್ಮ. ಬಿಲ್ಲೆ ತೋರಿಸೇ ಹೇಳು. ಯಾರೂ ಏನೂ ಮಾಡಲ್ಲ, ಮೊದಲು ಹೇಳು. ಹೊರಗೆ ಬಿಡ್ಬೇಡಿ ಅಂತ..."

ಲೈನಿನಲ್ಲಿ ಅವಳಿರಲಿಲ್ಲ. ಸಿಗ್ನಲ್ ಸತ್ತುಹೋಗಿತ್ತು.

"ಇನ್ನು ಶಿರಾಳಕೊಪ್ಪದ ಹತ್ರಾನೇ ಬರೋದು," ಎಂದರು ಕಂಡಕ್ಟರು. "ಇಲ್ಲಿ ದೇವರಿಗೆ ಫೋನ್ ಮಾಡಿದ್ರೂ ಹೋಗಲ್ಲ."

ಎಷ್ಟು ಹೊತ್ತು ಹಾಗೆ ಹೋಯಿತೋ. ಸಿಗ್ನಲ್ಲಿನ ಜಾಗದಲ್ಲಿ ಒಂದು ಅಡ್ಡಗೆರೆ. ನಾನು ಅದನ್ನು ನೋಡುತ್ತ ಕೂತೆ. ಹೊರಗೆ ಶುಂಠಿಯ ಮಡಿಗಳು, ಮೆಕ್ಕೆಜೋಳ, ಮತ್ತೆ ಶುಂಠಿ ಎಂದು ನೆನಪು ಹೇಳುತ್ತದೆ. ಆದರೆ ನಾನು ಹೊರಗೆ ನೋಡಿರಲಿಲ್ಲ, ಆ ದಾರಿಯಲ್ಲಿ ಬೇರೆ ದಿನ ಕಂಡದ್ದನ್ನು ಇಲ್ಲಿ ಹಚ್ಚುತ್ತಿದ್ದೇನೆ. ತಲೆಯಲ್ಲಿ ಓಡುತ್ತಿದ್ದದ್ದು ಬೇರೆ. ಗೇಟಿನ ಹತ್ತಿರ ಒಬ್ಬ ಕಾವಲಿನವನಿರುತ್ತಾನಲ್ಲ. ಕಾಲೆಳೆಯುವ, ಬಾಯಿ ಬಾರದ ಹಿರಿಯನೊಬ್ಬ ಬಂದು ಗೇಟಿನ ಮುಂದೆ ಸುಮ್ಮನೆ ನಿಂತರೆ ಅವನೇನು ಮಾಡುತ್ತಾನೆ? ಪಾಪ ಎನ್ನುತ್ತಾನೆ. ಪಕ್ಕದ ಅಗಲದ ಗೇಟು ತೆರೆದು, ಹೋಗಿ ಯಜಮಾನ್ರೆ ಎಂದು ಹೊರಗೆ ಬಿಡುತ್ತಾನೆ. ಒರಟು ಮನುಷ್ಯ ಸಿಕ್ಕರೆ ಚಿಕ್ಕಪ್ಪ ಉಳಿದ, ಒಳ್ಳೆಯ ಮನುಷ್ಯ ಸಿಕ್ಕರೆ ಹೋದ. ಆ ಊರಿನಲ್ಲಿ ಆವತ್ತು ಯಾರಿಗೂ ಕರುಣೆ ಹುಟ್ಟದಿರಲಿ ಎಂದು ನಾನು ಬೇಡಿಕೊಳ್ಳುತ್ತಿದ್ದೆ.

ಹಿಂದಿನ ಸೀಟಿನವರು ಯಾರಿಗೋ ಹೇಳುತ್ತಿದ್ದರು: "ಶಿಕಾರಿಪುರದ ಹತ್ರಾನೂ ರೈಲು ದಾರಿಗೆ ಮಣ್ಣು ಹಾಕ್ತಾ ಅದಾರೆ. ಬಂದ್ಮೇಲೆ ನೋಡ್ರಿ, ನಮ್ಮೋರು ಅರ್ಧ ಮಂದಿ ಹಿಂಗೇ ಆಗೋದು. ಟವೆಲ್ ಮುಂದೆ ಹೋಗಿರ್ತೈತಿ, ಮನುಷ್ಯ ಇಲ್ಲೇ ನಿಂತಿರ್ತಾನೆ."

ಯಾರೋ ನಕ್ಕರು. ಕುಕ್ಕರಿನವರು ತಿರುಗಿ ನೋಡಿದರು, ನಗು ನಿಂತಿತು.

ಶಿರಾಳಕೊಪ್ಪ ಹತ್ತಿರವಾಗುತ್ತಿದ್ದಂತೆ ಫೋನು ಬಡಿದುಕೊಂಡಿತು. ಗೊತ್ತಿಲ್ಲದ ನಂಬರು. ಆ ಕಡೆ ಒಬ್ಬ ಹೆಣ್ಣುಮಗಳು, ನಿಲ್ದಾಣದ ಸಿಬ್ಬಂದಿ.

"ಸರ್, ನಿಮ್ಮ ಚಿಕ್ಕಮ್ಮ ನಮ್ಮ ಹತ್ತಿರಾನೇ ಇದ್ದಾರೆ, ಗಾಬರಿ ಆಗಬೇಡಿ. ಮುಂದಿನ ಸ್ಟೇಷನ್‌ಗಳಿಗೆಲ್ಲ ತಿಳಿಸಿದ್ದೀವಿ. ನಿಮ್ಮ ಚಿಕ್ಕಪ್ಪಂದು ಒಂದು ಫೋಟೊ ಕಳಿಸ್ತೀರಾ? ಅಮ್ಮನ ಫೋನಲ್ಲಿ ಫೋಟೊ ಇಲ್ಲ."

ಚಿಕ್ಕಮ್ಮನದು ಗುಂಡಿ ಒತ್ತುವ ಫೋನು. ನನ್ನದರಲ್ಲಿ ಸಾವಿರ ಫೋಟೊಗಳಿದ್ದವು. ಬೆರಳಿನಿಂದ ಸರಿಸುತ್ತ ಹೋದೆ. ಹಿಂದೆ ಹಿಂದೆ ಹೋದಂತೆ ತಿಳಿಯಿತು, ಕಾಯಿಲೆ ಬಿದ್ದ ಮೇಲೆ ನಾನು ಚಿಕ್ಕಪ್ಪನ ಒಂದು ಫೋಟೊವನ್ನೂ ತೆಗೆದಿರಲಿಲ್ಲ. ಅದಕ್ಕೂ ಹಿಂದೆ, ನಮ್ಮ ಮನೆಯ ಗೃಹಪ್ರವೇಶದ ದಿನ, ಬಿಳಿ ಅಂಗಿ, ಬಿಳಿ ಪಂಚೆ, ದಪ್ಪ ಮೀಸೆ, ಯಾರನ್ನೋ ಊಟಕ್ಕೆ ಕರೆಯುತ್ತಿರುವ ಚಿಕ್ಕಪ್ಪ. ಇದೇ ಅವನು ಎನ್ನಿಸಿತು. ಕಳಿಸಿದೆ. ಫೋಟೊದ ಮೇಲೆ ಒಂದು ಚಕ್ರ ತಿರುಗತೊಡಗಿತು.

ಬಸ್ಸು ಶಿರಾಳಕೊಪ್ಪದ ಸ್ಟ್ಯಾಂಡಿನಲ್ಲಿ ನಿಂತಿತ್ತು. ಹತ್ತುವವರು ಹತ್ತಿ, ಇಳಿಯುವವರು ಇಳಿದಾಗಿತ್ತು.

"ಹೋತೇನ್ರಿ ಫೋಟೊ?" ಕಂಡಕ್ಟರು ಕೇಳಿದರು.

"ತಿರುಗ್ತಾ ಇದೆ."

"ಇಲ್ಲಿಂದ ಮುಂದೆ ಹೋದ್ರೆ ಮತ್ತೆ ಕಟ್ಟಾಗ್ತೈತಿ." ಅವರು ಮುಂದಕ್ಕೆ ಕೂಗಿದರು: "ಅಣ್ಣಾ, ಒಂದು ಟೀ ಕುಡ್ಕಂಡು ಬಾರಣ್ಣ!"

"ರೀ, ಮದುವೆ ಮನೆಗೆ ಹೊತ್ತಾತು," ಎಂದರು ಹಿಂದಿನ ಸೀಟಿನವರು. "ಒಂದು ಫೋಟೊ ಹೋಗೋ ತನಕ ಇಡೀ ಬಸ್ಸು ನಿಲ್ಲಿಸ್ತೀರಾ?"

"ಮದುವೆ ನಿಮ್ದಲ್ಲವಲ್ಲ ಯಜಮಾನ್ರೆ. ಕೂತ್ಕಳ್ರಿ."

ಬಸ್ಸು ನಿಂತದ್ದು ನನಗಾಗಿಯೇ ಎಂದು ಬಹಳ ಸಲ ಹೇಳಿಕೊಂಡಿದ್ದೇನೆ. ಡ್ರೈವರು ಹೇಗೂ ಅಲ್ಲಿ ಟೀ ಕುಡಿಯುವವರೇ ಇರಬಹುದು. ಅಂತೂ ಚಕ್ರ ನಿಂತಿತು. ಹೋಯಿತು ಎಂದೆ. ಬಸ್ಸಿನಲ್ಲಿ ಯಾರೋ "ಹ್ಞಾ" ಎಂದರು. ಕಂಡಕ್ಟರು ಸೀಟಿ ಊದಿದರು.

ಮುಂದಿನ ಕರೆ ಬಂದಾಗ ಬಸ್ಸು ಓಡುತ್ತಿತ್ತು. ಅದೇ ಹೆಣ್ಣುಮಗಳು. "ಸಿಕ್ಕಿದ್ದಾರೆ ಸರ್. ಮುಂದೆ ಒಂದು ಸ್ಟೇಷನ್ನಲ್ಲಿ, ಪ್ಲಾಟ್‌ಫಾರ್ಮ್ ಮೇಲೆ. ನೀವು ಕಳಿಸಿದ ಫೋಟೊ ತರಾನೇ, ಬಿಳಿ ಪಂಚೆ, ಮೀಸೆ. ಆದ್ರೆ ಸರ್..." ಅವರು ತಡೆದರು. "ಅಮ್ಮ ಮಾತು ಬರಲ್ಲ ಅಂದಿದ್ರು. ಇವರು ಮಾತಾಡ್ತಾ ಇದ್ದಾರಂತೆ."

ಏನೋ ಎಳೆದಾಡಿದ ಸದ್ದು. ಚಿಕ್ಕಮ್ಮ ಫೋನು ಕಸಿದುಕೊಂಡಿದ್ದಳು.

"ಕೇಳಿದೇನೋ? ಮಾತಾಡಿದ್ರಂತೆ!" ಆ ದನಿಯನ್ನು ನಾನು ಅದಕ್ಕೆ ಮೊದಲು ಕೇಳಿರಲಿಲ್ಲ, ಆಮೇಲೂ ಕೇಳಿಲ್ಲ. "ಏನಂದ್ರಂತೆ ಕೇಳು. ಗಾಬರಿಗೆ ಬಂದಿರ್ತೈತೆ ಕಣೋ, ಗಾಬರಿಗೆ ಒಮ್ಮೊಮ್ಮೆ ಬರ್ತೈತೆ ಅಂತ ಡಾಕ್ಟರು ಹೇಳಿದ್ರು. ನನ್ನ ಕೂಗಿದ್ರಂತಾ?"

ಯಾವ ಡಾಕ್ಟರೂ ಹಾಗೆ ಹೇಳಿರಲಿಲ್ಲ. ನನಗೆ ಅದು ಗೊತ್ತಿತ್ತು. ಆದರೂ ಫೋನಿನ ಈ ಕಡೆ ನಾನೂ ನಂಬಿದೆ. ಮೆಕ್ಕೆಜೋಳದ ಯಾರ್ಡಿನಲ್ಲಿ ಕೂಗುತ್ತಿದ್ದ ಆ ದನಿಯೇ ನೆಲದಡಿಯ ಪ್ಲಾಟ್‌ಫಾರ್ಮೊಂದರಲ್ಲಿ ಚಿಕ್ಕಮ್ಮನನ್ನು ಕೂಗುವುದು ನನಗೆ ಕೇಳಿಸಿತು. ಇವತ್ತಿಗೂ ಕೇಳಿಸುತ್ತದೆ, ನಡೆಯದ ಸಂಗತಿಯಾದರೂ.

ನಾನು ಕೇಳಿದ್ದು ಇಷ್ಟು: "ಚಿಕ್ಕಮ್ಮ, ಇವತ್ತು ಚಿಕ್ಕಪ್ಪ ಏನು ಹಾಕ್ಕೊಂಡಿದ್ದ?"

"ಪ್ಯಾಂಟು. ನೀಲಿ ಸ್ವೆಟರು. ಮೀಸೆ ನಾನೇ ತೆಗ್ಸಿದ್ದೆ, ಆಸ್ಪತ್ರೇಲಿ ಇದ್ದಾಗ. ಈ ಸ್ಟೇಷನ್ನೋರಿಗೂ ಹೇಳ್ದೆ ಕಣೋ. ಫೋಟೊ ಬಂದ ಮೇಲೆ ಎಲ್ರೂ ಫೋಟೊನೇ ನೋಡಿದ್ರು."

ಅಲ್ಲಿ ನಿಲ್ಲಿಸಲ್ಪಟ್ಟವರು ಬೇರೆ ಯಾರೋ. ಯಾಕೆ ನಿಲ್ಲಿಸಿದಿರಿ ಎಂದು ಅವರು ಜಗಳವಾಡುತ್ತಿದ್ದರಂತೆ. ಆ ಹೆಣ್ಣುಮಗಳು ಮತ್ತೆ ಫೋನಿಗೆ ಬಂದು ಕ್ಷಮೆ ಕೇಳಿದರು. ಕೇಳಬೇಕಾದವನು ನಾನಾಗಿದ್ದೆ, ಅಷ್ಟು ಪುರುಸೊತ್ತಿರಲಿಲ್ಲ. ಅವರು ಹೇಳಿದ ಮಾತು ನನ್ನನ್ನು ಹೆದರಿಸಿತ್ತು: ಮುಂದಿನ ಯಾವ ಪ್ಲಾಟ್‌ಫಾರ್ಮಿನಲ್ಲೂ ಅಂಥವರು ಇಳಿದದ್ದು ಕಂಡಿಲ್ಲ, ಹೊರಗೆ ಹೋಗಿರಬಹುದೇ ಎಂದು ಗೇಟುಗಳಲ್ಲಿ ವಿಚಾರಿಸುತ್ತಿದ್ದೇವೆ.

ನಾನು ಅದನ್ನೇ ಗಟ್ಟಿಯಾಗಿ ಹೇಳಿಕೊಂಡೆನೋ ಏನೋ. ಕುಕ್ಕರಿನವರು ಬೈಯುವಂತೆ ಹೇಳಿದರು:

"ಪ್ಲಾಟ್‌ಫಾರ್ಮಲ್ಲಿ ಎಂತಕ್ಕೆ ಹುಡುಕ್ತಾರೆ? ಸೀಟು ಹಿಡಿ ಅಂತ ಹತ್ತಿಸಿದಾರೆ. ಹಿಡಿದವರು ಬಿಟ್ಟು ಇಳೀತಾರಾ? ಒಳಗೆ ನೋಡಕ್ಕೆ ಹೇಳಿ ಮಾರಾಯ್ರೆ."

ನಾನು ಫೋನಿಗೆ ಹೇಳಿದೆ. ಬಟ್ಟೆ ನೋಡಬೇಡಿ, ಮುಖ ನೋಡಬೇಡಿ. ಪಕ್ಕದ ಸೀಟಿನ ಮೇಲೆ ಎಡಗೈ ಇಟ್ಟುಕೊಂಡು ಯಾರನ್ನೂ ಕೂರಲು ಬಿಡದೆ ಒಬ್ಬರು ಕೂತಿರುತ್ತಾರೆ. ಅವರೇ.

"ಕೈ ಇಟ್ಟುಕೊಂಡು?" ಎಂದು ಅವರು ಮತ್ತೊಮ್ಮೆ ಕೇಳಿದರು. ನಾನು ಹೌದೆಂದೆ. ಅದನ್ನವರು ವಾಕಿಟಾಕಿಯಲ್ಲಿ ಯಾರಿಗೋ ಹೇಳುವುದು ಕೇಳಿಸಿತು. ಲೈನು ಕಟ್ಟಾಯಿತು.

ಶಿಕಾರಿಪುರ ಬಂತು. ಎಲ್ಲರೂ ಇಳಿದರು. ಮದುವೆಗೆ ಹೊರಟವರು, ಅಷ್ಟು ಅವಸರವಿದ್ದವರು, ಬಸ್ಸಿನ ನೆರಳಿನಲ್ಲಿ ನಿಂತೇ ಇದ್ದರು. ಕುಕ್ಕರಿನವರೂ ಹೋಗಲಿಲ್ಲ. ನಾವು ಮೂವರೂ ನನ್ನ ಅಂಗೈಯಲ್ಲಿದ್ದ ಫೋನನ್ನು ನೋಡುತ್ತ ನಿಂತೆವು.

ಅವನು ರೈಲಿನಲ್ಲೇ ಸಿಕ್ಕ. ಕಾವಲಿನವನೊಬ್ಬ ಒಂದು ನಿಲ್ದಾಣದಲ್ಲಿ ಹತ್ತಿ, ಬೋಗಿಯಿಂದ ಬೋಗಿಗೆ ನಡೆದು ಕಂಡನಂತೆ. ತುಂಬಿದ ಬೋಗಿ, ನಿಂತವರೇ ಹೆಚ್ಚು, ನಡುವೆ ಒಂದು ಖಾಲಿ ಸೀಟು, ಅದರ ಮೇಲೆ ಒಂದು ಕೈ. ಎಬ್ಬಿಸಲು ಹೋದರೆ ಚಿಕ್ಕಪ್ಪ ಏಳಲಿಲ್ಲ. ಕಾವಲಿನವನು ವಾಕಿಟಾಕಿಯನ್ನು ಅವನ ಕಿವಿಗೆ ಹಿಡಿದ, ಈ ಕಡೆಯಿಂದ ಚಿಕ್ಕಮ್ಮ "ಸೀಟು ಬಿಡ್ರೀ, ನಾನು ಇಲ್ಲಿದೀನಿ" ಎಂದ ಮೇಲೆ ಎದ್ದ. ಇದು ಚಿಕ್ಕಮ್ಮ ಹೇಳುವುದು. ವಾಕಿಟಾಕಿಯನ್ನು ಹಾಗೆ ಬೇರೆಯವರ ಕೈಗೆ ಕೊಡುತ್ತಾರೆಯೇ, ನನಗೆ ಗೊತ್ತಿಲ್ಲ. ಎದುರು ದಿಕ್ಕಿನ ರೈಲಿನಲ್ಲಿ ಅವನನ್ನು ಕರೆತಂದು ಅವಳ ಮುಂದೆ ನಿಲ್ಲಿಸಿದರು, ಇಷ್ಟು ನಿಜ. ಬಿಲ್ಲೆಯ ಬಗ್ಗೆ ಯಾರೂ ಒಂದು ಮಾತೂ ಕೇಳಲಿಲ್ಲ.

ಮುಗಿಯಿತೆಂದು ನಾನು ಸ್ಟ್ಯಾಂಡಿನ ಕಟ್ಟೆಯ ಮೇಲೆ ಕೂತಿದ್ದಾಗ ಮತ್ತೆ ಫೋನು.

"ಹತ್ತವಲ್ಲರು ಕಣೋ."

ಡಾಕ್ಟರ ಹತ್ತಿರ ಹೋಗಲು ಮತ್ತೆ ಅದೇ ರೈಲು ಹತ್ತಬೇಕಿತ್ತು. ಬಾಗಿಲು ತೆರೆದರೆ ಚಿಕ್ಕಪ್ಪ ಹಿಂದೆ ಸರಿಯುತ್ತಿದ್ದ. ಒಂದು ಬಂದು ಹೋಗಿತ್ತು. ನಾನು ಮಾತಾಡುತ್ತಿರುವಾಗಲೇ ಇನ್ನೊಂದು ಬಂತು. ಅದರ ಸದ್ದು, ಕನ್ನಡದಲ್ಲಿ ಇಂಗ್ಲಿಷಿನಲ್ಲಿ ಅದರ ಪ್ರಕಟಣೆ, ಬಾಗಿಲು ಮುಚ್ಚುವ ಪಿಪ್ ಪಿಪ್, ಎಲ್ಲ ಕೇಳಿಸಿ ಅಡಗಿತು.

"ಬಿಟ್ಬಿಡು ಚಿಕ್ಕಮ್ಮ. ಮೇಲೆ ಹೋಗಿ ಆಟೋ ಮಾಡ್ಕೊಳ್ಳಿ."

"ಆಟೋದವ್ನು ಎತ್ತ ತಿರುಗಿಸ್ತಾನೋ ನಂಗೇನು ಗೊತ್ತು? ಇದಾದ್ರೆ ಎಲ್ಲಿಗೆ ಹೋಗ್ತೈತೆ, ಎಲ್ಲಿಂದ ಬರ್ತೈತೆ, ಈಗ ನೋಡಿದ್ನಲ್ಲ. ಇದ್ರಾಗೆ ಕಳ್ಕಂಡ್ರೂ ಸಿಗ್ತಾರೆ." ಆಮೇಲೆ ಫೋನಿನಿಂದಾಚೆ, ಅವನಿಗೆ: "ಬರ್ರಿ. ಸೀಟು ಬ್ಯಾಡ, ಏನೂ ಬ್ಯಾಡ. ನನ್ನ ಕೈ ಹಿಡೀರಿ. ಬ್ಯಾಗು ನೀವು ಹಿಡೀರಿ. ಒಟ್ಟಿಗೆ ಕಾಲಿಡಾದು."

ಅವಳು ಫೋನನ್ನು ಆರಿಸದೆ ಎಲ್ಲೋ ಇಟ್ಟುಕೊಂಡಿದ್ದಳು. ಗಾಳಿ ಬೀಸಿದಂಥ ಸದ್ದು ಜೋರಾಗುತ್ತ ಬಂತು. ಬ್ರೇಕು. ಪ್ರಕಟಣೆ. ತುಂಬ ಕಾಲುಗಳು. ಚಿಕ್ಕಮ್ಮ "ಹ್ಞೂ, ಈಗ" ಎಂದಳೆಂದು ಕಾಣುತ್ತದೆ. ಪಿಪ್ ಪಿಪ್ ಶುರುವಾಯಿತು, ಯಾರದೋ ಕೂಗು ಕೇಳಿತು, ಎಲ್ಲ ನಿಂತುಹೋಯಿತು.

"ಚಿಕ್ಕಮ್ಮಾ?"

ಲೈನು ಕಟ್ಟಾಗಿತ್ತು.

"ಹತ್ತಿದ್ರೇನ್ರಿ?" ಇನ್ನೂ ಅಲ್ಲೇ ಇದ್ದ ಕುಕ್ಕರಿನವರು ಕೇಳಿದರು. ನಾನು ಮತ್ತೆ ಮತ್ತೆ ನಂಬರು ಒತ್ತಿದೆ. ವ್ಯಾಪ್ತಿ ಪ್ರದೇಶದ ಹೊರಗಿದ್ದಾರೆ ಎಂದು ಫೋನು ಹೇಳುತ್ತಲೇ ಇತ್ತು. ಒಬ್ಬರು ವ್ಯಾಪ್ತಿಯ ಹೊರಗೋ, ಇಬ್ಬರೋ?

ಕೊನೆಗೆ ಅವಳೇ ಮಾಡಿದಳು. ಹಿಂದೆ ರೈಲು ಓಡುವ ಸದ್ದಿತ್ತು.

"ಇಬ್ರೂ ಒಳಗಿದೀವಿ," ಎಂದಳು. ಉಸಿರು ಏರಿತ್ತು, ದನಿ ಮಾತ್ರ ಮನೆಯಲ್ಲಿ ಕೆಲಸ ಹೇಳುವಾಗಿನದು. "ಡಾಕ್ಟರಿಗೆ ಫೋನ್ ಹಚ್ಚು. ನಾವು ಬರ್ತಾ ಇದೀವಿ, ಎದ್ದು ಹೋಗ್ಬೇಡ್ರಿ, ಸ್ವಲ್ಪ ತಡೀರಿ ಅಂತ ಹೇಳು."

ನಾನು ಡಾಕ್ಟರ ನಂಬರು ಹುಡುಕತೊಡಗಿದೆ.